ಸಮೀಕ್ಷೆಗೆ ಹಣ ಕೂಡಿಸಿದ ಆನ್‌ಲೈನ್ ಸೇವೆ: ಹಣ ಬಂತು, ಜೊತೆಗೆ ಒಂದು ಹೆಸರೂ ಹೊರಬಿತ್ತು

ನಾಲ್ಕು ತಿಂಗಳು ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಜನರಿಂದ ಚಂದಾ ಎತ್ತಿಕೊಡುವ ಆನ್‌ಲೈನ್ ತಾಣ ಇದು. ಹೆಸರು ಹಾಕುವುದಿಲ್ಲ. ನೀವು ಇಂಥ ಯಾವ ತಾಣಕ್ಕೆ ಹೋದರೂ ಕಣ್ಣಿಟ್ಟು ನೋಡಬೇಕಾದ ಜಾಗ ಯಾವುದು ಅಂತ ಹೇಳುವುದೇ ನನಗೆ ಮುಖ್ಯ. ಐದರಲ್ಲಿ ಎರಡೂವರೆ ಕೊಡುತ್ತೇನೆ.

ನಾವು ಮೂರು ಜನ ಸೇರಿ ಮಾಡುತ್ತಿರುವುದು ಕಾಸರಗೋಡು, ಮಂಜೇಶ್ವರ ಕಡೆಯ ಗೇ ಮತ್ತು ಲೆಸ್ಬಿಯನ್ ಜನರ ಸಮೀಕ್ಷೆ. ಮನೆಯಲ್ಲಿ ಗೊತ್ತುಂಟಾ, ಮದುವೆಗೆ ಎಷ್ಟು ಒತ್ತಾಯ, ಕೆಲಸ ಬಿಡಬೇಕಾಯಿತಾ, ಕಷ್ಟ ಬಂದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ, ಇಂಥ ಪ್ರಶ್ನೆಗಳು. ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಕೇಳಬೇಕು. ಇದೆಲ್ಲ ಯಾಕೆ ಅಂತ ಕೇಳಿದವರಿಗೆ ನಾನು ಹೇಳುವುದು ಇಷ್ಟೇ, ನಮ್ಮ ಲೆಕ್ಕ ಯಾರ ಹತ್ತಿರವೂ ಇಲ್ಲ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು 'ಇತರೆ' ಅಂತ ಬರೆಸಿದವರು ದೇಶದಲ್ಲಿ ಸುಮಾರು 4.88 ಲಕ್ಷ. ಅದು ಲಿಂಗದ ಲೆಕ್ಕ, ಯಾರಿಗೆ ಯಾರ ಮೇಲೆ ಪ್ರೀತಿ ಅಂತ ಜನಗಣತಿ ಕೇಳುವುದೇ ಇಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ದೇಶದಲ್ಲಿ ಗೇ ಜನ ಸುಮಾರು 25 ಲಕ್ಷ ಅಂತ ಒಂದು ಅಂದಾಜು ಕೊಟ್ಟಿತ್ತು, ಅದೂ ಎಚ್‌ಐವಿ ವಿಷಯ ಬಂದಾಗ. ಎರಡು ಟ್ರಸ್ಟ್‌ಗಳಿಗೆ ಅರ್ಜಿ ಹಾಕಿದೆವು. ಒಂದು ಕಡೆಯವರು, "ಇದರಿಂದ ಎಷ್ಟು ಜನರ ಎಚ್‌ಐವಿ ಪರೀಕ್ಷೆ ಆಗುತ್ತದೆ?" ಅಂತ ಕೇಳಿದರು. ಒಂದೂ ಇಲ್ಲ ಅಂದೆ. ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ. ಹಾಗಾಗಿ ಈ ತಾಣ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಪೇಜ್ ಮಾಡುವುದು ಸುಲಭ, ಅರ್ಧ ಗಂಟೆ ಸಾಕು. ಕನ್ನಡದಲ್ಲಿ ಬರೆದರೆ ಅಕ್ಷರ ಒಡೆಯುವುದಿಲ್ಲ. ಯುಪಿಐ ಚೆನ್ನಾಗಿ ಕೆಲಸ ಮಾಡುತ್ತದೆ, ನೂರು ರೂಪಾಯಿ ಹಾಕಿದವರಿಗೂ ರಸೀದಿ ಹೋಗುತ್ತದೆ, ಹಣ ನಾಲ್ಕೇ ದಿನದಲ್ಲಿ ಬ್ಯಾಂಕಿಗೆ ಬಂತು. ನಾವು ಕೇಳಿದ್ದು 1,40,000, ಬಂದದ್ದು 61,500. ಅರ್ಧವೂ ಆಗಲಿಲ್ಲ ಅಂತ ಬೇಜಾರಿಲ್ಲ, ಇಂಥ ಕೆಲಸಕ್ಕೆ ಇಷ್ಟು ಬಂದದ್ದೇ ದೊಡ್ಡದು. ಖರ್ಚಿನ ಪಟ್ಟಿ ಹಾಕಿದ್ದು ಉಪಕಾರಕ್ಕೆ ಬಂತು. ಅದರಲ್ಲಿ ಜಾಸ್ತಿ ಹಣ ರೈಲಿಗೆ ಮತ್ತು ರೂಮಿನ ಬಾಡಿಗೆಗೆ. ಊರಲ್ಲಿ ಕೂತು ಮಾತಾಡಲು ಯಾರೂ ತಯಾರಿಲ್ಲ. ಕುಂಬಳೆಯವರೂ ಉಪ್ಪಳದವರೂ "ಮಂಗಳೂರಲ್ಲಿ ಸಿಗೋಣ" ಅಂತಾರೆ.

ಇನ್ನು ಗಲ್ಫ್ ಹಣದ ವಿಷಯ. ನಮ್ಮ ಕಡೆಯವರಿಗೆ ಇದು ಬೇಕಾದ್ದೇ, ಮನೆಗೊಬ್ಬರು ಅಲ್ಲಿದ್ದಾರಲ್ವಾ. ಶಾರ್ಜಾದಲ್ಲಿರುವ ಒಬ್ಬರು ಐದು ಸಾವಿರ ಹಾಕಲು ಹೋದರೆ ತಾಣ ತಗೊಳ್ಳಲಿಲ್ಲ, ವಿದೇಶಿ ದೇಣಿಗೆ ಕಾಯ್ದೆ ಅಡ್ಡ ಬರುತ್ತದೆ ಅಂದರು. ಆ ಕಾಯ್ದೆ, 2010ರದ್ದು, ವಿದೇಶಿಯರ ಹಣಕ್ಕೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಮೂರು ಮೇಲ್ ಬರೆದ ಮೇಲೆ ಒಪ್ಪಿದರು. ಅಷ್ಟರಲ್ಲಿ ಅವರು ಊರಿನ ಖಾತೆಯಿಂದಲೇ ಹಾಕಿ ಆಗಿತ್ತು.

ನಾನು ನಕ್ಷತ್ರ ಕಡಿಮೆ ಮಾಡಿದ್ದು ಇದಕ್ಕಲ್ಲ. ಎಂಟನೇ ದಿನ ರಾತ್ರಿ ಒಂಬತ್ತೂವರೆಗೆ ಒಂದು ಫೋನ್. ಬದಿಯಡ್ಕ ಕಡೆಯ ಹುಡುಗ, ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. "ಅಕ್ಕಾ, ನನ್ನ ಹೆಸರು ಅಲ್ಲಿ ಕಾಣ್ತಾ ಉಂಟು." ಇನ್ನೂರು ರೂಪಾಯಿ ಹಾಕಿದ್ದ. ಪೇಜ್ ತೆರೆದು ನೋಡಿದೆ. ಪೂರ್ತಿ ಹೆಸರು, ಮನೆತನದ ಹೆಸರೂ ಸೇರಿ, ಪಕ್ಕದಲ್ಲೇ ನಮ್ಮ ಸಮೀಕ್ಷೆಯ ಶೀರ್ಷಿಕೆ. ಹೆಸರು ಮುಚ್ಚಿಡುವ ಚೌಕ ಉಂಟು, ಇಲ್ಲ ಅಂತಲ್ಲ. ಆದರೆ ಅದು ತಾಣಕ್ಕೆ ಟಿಪ್ ಕೇಳುವ ಜಾಗದ ಕೆಳಗೆ, ಸಣ್ಣ ಬೂದು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ. ನಾವಾಗಿ ಟಿಕ್ ಮಾಡದಿದ್ದರೆ ಹೆಸರು ಕಾಣುತ್ತದೆ. ನಾನು ಅಳಿಸಲು ಹೋದರೆ ಆಗುವುದಿಲ್ಲ, ತಾಣದವರೇ ಅಳಿಸಬೇಕು. ಸಹಾಯದ ನಂಬರು ಸಂಜೆ ಏಳಕ್ಕೆ ಬಂದ್. ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಹೆಸರು ಹೋಯಿತು, ಆ ರಾತ್ರಿ ಅವನೂ ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ.

2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಯ ತೆಗೆಯಿತು, ನಿಜ. ಆದರೆ ಬದಿಯಡ್ಕದಲ್ಲಿ ಅವನಿಗೆ ಭಯ ಪೊಲೀಸರದ್ದಲ್ಲ, ದೊಡ್ಡಪ್ಪನ ಮಗನ ಮೊಬೈಲಿನದ್ದು. ಇನ್ನೊಂದು ಮಾತು. ನಮ್ಮ ಸಮೀಕ್ಷೆ ಮನೆಮನೆಗೆ ಹೋಗಿ ಮಾಡುವಂಥದ್ದಲ್ಲ. ಒಬ್ಬರು ತಮಗೆ ಗೊತ್ತಿರುವ ಇನ್ನೊಬ್ಬರ ಹತ್ತಿರ ನಮ್ಮ ಬಗ್ಗೆ ಹೇಳಬೇಕು, ಅವರು ಮತ್ತೊಬ್ಬರ ಹತ್ತಿರ, ಹಾಗೇ ಸರಪಳಿ ಬೆಳೆಯಬೇಕು. ಒಂದು ಹೆಸರು ಹೊರಬಿದ್ದರೆ ಆ ಕೊಂಡಿಯ ಆಚೆಗೆ ಯಾರೂ ಸಿಗುವುದಿಲ್ಲ. ಅವನ ಮೂಲಕ ಬರಬೇಕಿದ್ದ ಇಬ್ಬರು ಹುಡುಗಿಯರು "ಈಗ ಬೇಡ ಅಕ್ಕ" ಅಂದರು. ಲೆಸ್ಬಿಯನ್ ಹೆಣ್ಣುಮಕ್ಕಳು ಸಿಗುವುದೇ ಕಷ್ಟ, ಸುಮ್ನೆ ಎಲ್ಲಿಗಾದರೂ ಹೊರಟರೆ ಮನೆಯಲ್ಲಿ ಹತ್ತು ಪ್ರಶ್ನೆ. ಆ ಇಬ್ಬರನ್ನು ಕಳಕೊಂಡದ್ದು ನನಗೆ ಈಗಲೂ ನೋವು.

ಉತ್ತರ ಬರೆದಿಟ್ಟುಕೊಳ್ಳಲು ಬಳಸಿದ ಕೋಬೋ ಟೂಲ್‌ಬಾಕ್ಸ್ ಬಗ್ಗೆಯೂ ಹೇಳಬೇಕು, ಅದು ಚಿನ್ನ. ಒಂದೇ ಫಾರ್ಮಿನಲ್ಲಿ ಮೂರೂ ಭಾಷೆ ಹಾಕಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲಿ ಉಳಿಯುತ್ತದೆ. ಹೆಸರಿನ ಕಲಂ ನಾವು ಇಡಲೇ ಇಲ್ಲ.

ಚಂದಾ ತಾಣದವರಿಗೆ ಬರೆದಿದ್ದೇನೆ, ಇಂಥ ಕೆಲಸಗಳಿಗೆ ಹೆಸರು ತಾನಾಗಿಯೇ ಮುಚ್ಚಿರಲಿ, ಬೇಕಾದವರು ತೆರೆಯಲಿ ಅಂತ. "ಪರಿಶೀಲಿಸುತ್ತೇವೆ ಮೇಡಂ" ಅಂದಿದ್ದಾರೆ. ಅಲ್ಲಿವರೆಗೆ ನಮ್ಮ ಪೇಜಿನ ಮೊದಲ ಸಾಲು, ಮೂರು ಭಾಷೆಯಲ್ಲಿ, ಹೀಗುಂಟು: ಹಣ ಹಾಕುವ ಮೊದಲು ಟಿಪ್ಪಿನ ಕೆಳಗಿರುವ ಸಣ್ಣ ಚೌಕ ಒತ್ತಿ.