ಕೆಂಪು ಬಣ್ಣ ನೋಡಿ ಜಾಗ್ವಾರ್ ಹೆಡ್ ಕೊಳ್ಳಬೇಡಿ

ಹಳೆಯ ಜಾಗ್ವಾರ್ ಎಕ್ಸ್‌ಕೆ 140 ಇಟ್ಟುಕೊಂಡವರು, ಅದರ ಎಂಜಿನ್‌ಗೆ ಇನ್ನಷ್ಟು ಶಕ್ತಿ ಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಹೆಡ್ ಅಂದರೆ ಎಂಜಿನ್ ಬ್ಲಾಕ್ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ; ಸಿ-ಟೈಪ್ ಅನ್ನೋದು ಅದರಲ್ಲಿ ಹೆಚ್ಚು ಶಕ್ತಿ ಕೊಡುವ ಮಾದರಿ. "ಒರಿಜಿನಲ್ ಸಿ-ಟೈಪ್ ಹೆಡ್" ಅಂತ ನನಗೆ ಮಾರಿದ್ದು ಕೆಂಪು ಬಣ್ಣ ಬಳಿದ ಮಾಮೂಲಿ ಎ-ಟೈಪ್ ಹೆಡ್. ದುಡ್ಡು ಪೂರ್ತಿ ಕೈಬದಲಾಗಿತ್ತು. ಮಾರಿದವರು ಈಗ ಫೋನ್ ಎತ್ತುತ್ತಿಲ್ಲ.

ಹೆಸರು ಕೇಳಿ ಇದನ್ನು ಸಿ-ಟೈಪ್ ರೇಸ್ ಕಾರಿನಿಂದ ಬಿಚ್ಚಿದ್ದು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಎಕ್ಸ್‌ಕೆ 140 ಕೊಳ್ಳುವವರಿಗೆ ಕಾರ್ಖಾನೆಯೇ ಕೊಡುತ್ತಿದ್ದ ಆಯ್ಕೆ ಇದು. ಮಾಮೂಲಿ ಎಂಜಿನ್‌ಗೆ 190 ಅಶ್ವಶಕ್ತಿ, ಇದಿದ್ದರೆ 210. ಕಾರ್ಖಾನೆ ಈ ಹೆಡ್‌ಗೆ ಕೆಂಪು ಬಣ್ಣ ಹೊಡೆಯುತ್ತಿತ್ತು ಅನ್ನೋದೇನೋ ನಿಜ. ಆದರೆ ಬಣ್ಣದ ಡಬ್ಬಿ ಎಲ್ಲರಿಗೂ ಸಿಗುತ್ತದಲ್ವಾ?

ನಮ್ಮ ಮೆಕ್ಯಾನಿಕ್ ಹೆಡ್ ಮಗುಚಿ ವರ್ನಿಯರ್ (ಅಳತೆಯ ಉಪಕರಣ) ಇಟ್ಟ ಕೂಡಲೇ ಬಣ್ಣ ಬಯಲಾಯಿತು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ಅಗಲ 36.5 ಮಿ.ಮೀ., ಅಂದರೆ 1 7/16 ಇಂಚು. ಸಿ-ಟೈಪ್‌ನಲ್ಲಿ ಅದು 1 5/8 ಇಂಚು, ಸುಮಾರು 41.3 ಮಿ.ಮೀ. ಇರಬೇಕು. ಗಾಳಿ-ಇಂಧನ ಒಳಬಿಡುವ ಇಂಟೇಕ್ ವಾಲ್ವ್ ಅಳೆದರೆ ಏನೂ ಗೊತ್ತಾಗುವುದಿಲ್ಲ, ಎರಡರಲ್ಲೂ 1 3/4 ಇಂಚೇ. ಆಮೇಲೆ ಹೆಡ್‌ನ ಮುಂಭಾಗ ನೋಡಿದೆವು. ಎಂಜಿನ್ ನಂಬರ್ ಒತ್ತುವ ಜಾಗ ಅದು. ಅಲ್ಲಿ ಲೋಹ ಉಜ್ಜಿ ನುಣ್ಣಗಾಗಿತ್ತು, ಮೇಲೆ ಹೊಸ ಅಂಕಿಗಳು. ಕೊನೆಯ 'ಎಸ್' ಅಕ್ಷರ ಉಳಿದವುಗಳಿಗಿಂತ ಒಂದು ಕೂದಲೆಳೆ ಎತ್ತರ!

ಆ 'ಎಸ್'ಗೇ ಬೆಲೆ ಇರೋದು. ಎಂಜಿನ್ ನಂಬರ್ ಕೊನೆಗೆ '8ಎಸ್' ಅಂತಿದ್ದರೆ 8 ಅನ್ನೋದು ಕಾಂಪ್ರೆಷನ್ ಅನುಪಾತ (ಸಿಲಿಂಡರ್‌ನಲ್ಲಿ ಗಾಳಿ-ಇಂಧನವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋ ಲೆಕ್ಕ), 'ಎಸ್' ಅಂದರೆ ಸಿ-ಟೈಪ್ ಹೆಡ್. ಬರೀ 'ಎಸ್‌ಇ' (ಸ್ಪೆಷಲ್ ಇಕ್ವಿಪ್‌ಮೆಂಟ್, ಅಂದರೆ ಹೆಚ್ಚುವರಿ ಸಲಕರಣೆಯ ಕಾರು) ಅಂತ ಹೇಳಿ ಮಾರುವವರೂ ಇದ್ದಾರೆ, ಅದರಲ್ಲಿ ಸಿ-ಟೈಪ್ ಹೆಡ್ ಇರಲೇಬೇಕು ಅಂತಿಲ್ಲ. ಅಮೆರಿಕದಿಂದ ಬಂದ ಕಾರಾದರೆ 'ಎಂ' ಮತ್ತು 'ಎಂಸಿ' ಅನ್ನೋ ಮಾದರಿ ಹೆಸರುಗಳ ನಡುವೆ ಇದೇ ಗೊಂದಲ. ಸಿ-ಟೈಪ್ ಹೆಡ್ ಇರೋದು 'ಎಂಸಿ'ಯಲ್ಲಿ ಮಾತ್ರ.

ಇನ್ನೊಂದು ವಿಷಯ. "ಬಿ-ಟೈಪ್ ಹಳೇದು, ಸಿ ಅದರ ಸುಧಾರಿತ ರೂಪ" ಅಂತ ಯಾರಾದರೂ ಹೇಳಿದರೆ ಅವರಿಂದ ಏನನ್ನೂ ಕೊಳ್ಳಬೇಡಿ. ಬಿ-ಟೈಪ್ ಹೆಡ್ ಬಂದಿದ್ದೇ ಸಿ-ಟೈಪ್ ಆದಮೇಲೆ. ಅದಕ್ಕೆ ತಿಳಿ ನೀಲಿ ಬಣ್ಣ, ದೊಡ್ಡ ಎಕ್ಸಾಸ್ಟ್ ವಾಲ್ವ್ ಅದರಲ್ಲೂ ಇದೆ.

ಕಾರಿನ ಜೊತೆ ಹೆಡ್ ಬರುತ್ತಿದ್ದರೆ, ಬ್ಲಾಕ್ ಮೇಲೆ ಆಯಿಲ್ ಫಿಲ್ಟರ್ ಹತ್ತಿರ ಒತ್ತಿರುವ ನಂಬರನ್ನೂ ಹೆಡ್ ನಂಬರನ್ನೂ ಹೋಲಿಸಿ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್‌ನಿಂದ ಉತ್ಪಾದನಾ ದಾಖಲೆಯ ಪ್ರಮಾಣಪತ್ರ ತರಿಸಿಕೊಳ್ಳಿ. ಬಿಡಿ ಹೆಡ್ ಆದರೆ ವಾಲ್ವ್ ಮೇಲೆ ವರ್ನಿಯರ್ ಇಟ್ಟ ಫೋಟೊ ಕೇಳಿ. "ಪ್ಯಾಕ್ ಮಾಡಿಬಿಟ್ಟಿದ್ದೇನೆ, ಈಗ ತೆಗೆಯೋಕಾಗಲ್ಲ" ಅಂದರೆ ಅಡ್ವಾನ್ಸ್ ಕೂಡ ಕೊಡಬೇಡಿ. ನನಗೂ ಇದನ್ನೇ ಹೇಳಿದ್ದರು.