11 ನಿಮಿಷದ ಪಾಠ: ವರ್ಚುವಲ್ ಅಸಿಸ್ಟೆಂಟ್ ಕೋರ್ಸ್, ಒಂದೂವರೆ ವರ್ಷ ಆದಮೇಲೆ

ಹನ್ನೊಂದೇ ನಿಮಿಷ. ದೂರದವರ ಆಫೀಸ್ ಕೆಲಸವನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾಡಿಕೊಡೋದನ್ನು (ಅದೇ ವರ್ಚುವಲ್ ಅಸಿಸ್ಟೆಂಟ್ ಕೆಲಸ) ಕಲಿಸುವ ಆರು ತಿಂಗಳ ಆನ್‌ಲೈನ್ ಕೋರ್ಸಿಗೆ ಮೂರು ಕಂತಿನಲ್ಲಿ 14,800 ರೂಪಾಯಿ ಕಟ್ಟಿದ್ದೇನೆ. ಅದರಲ್ಲಿ ‘ನಮ್ಮ ಕೆಲಸಕ್ಕೆ ಎಷ್ಟು ಕೇಳಬೇಕು, ಬಿಲ್ ಹೇಗೆ ಕಳಿಸಬೇಕು’ ಅನ್ನುವ ಪಾಠ ಇರೋದು 11 ನಿಮಿಷ. ಕ್ಯಾನ್ವಾ ಅನ್ನುವ ಡಿಸೈನ್ ಆಪ್‌ನಲ್ಲಿ ಹಬ್ಬದ ಪೋಸ್ಟರ್ ಮಾಡೋದಕ್ಕೆ ಮಾತ್ರ ನಾಲ್ಕು ಗಂಟೆ!

ಕೋರ್ಸಿನಲ್ಲಿ ಏನೇನಿದೆ ಅಂತ ಜಾಹೀರಾತಿನಲ್ಲಿ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ನಾನು ಶಿವಮೊಗ್ಗದವಳು. ಎಂಟು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದೆ. ಎರಡನೇ ಮಗು ಆದಮೇಲೆ ಬಿಟ್ಟೆ. ಮನೆಯಿಂದಲೇ ಏನಾದರೂ ಮಾಡೋಣ ಅಂತ 2024ರ ಜೂನ್‌ನಲ್ಲಿ ಸೇರಿಕೊಂಡೆ.

ಆ 11 ನಿಮಿಷದ ಪಾಠದ ಸಾರ ಇಷ್ಟೇ: ಮೊದಲು ಕಡಿಮೆ ಕೇಳಿ, ಆಮೇಲೆ ಏರಿಸಿ. 2025ರ ಜನವರಿಯಲ್ಲಿ ಪರಿಚಯದವರ ಮೂಲಕ ನ್ಯೂಜೆರ್ಸಿಯಲ್ಲಿ ಮನೆ ಮಾರಿಸಿಕೊಡುವ ಏಜೆಂಟ್ ಒಬ್ಬರ ಕೆಲಸ ಸಿಕ್ಕಿತು. ಗಂಟೆಗೆ 4 ಡಾಲರ್ ಅಂದೆ. ತಿಂಗಳಿಗೆ 20 ಗಂಟೆ, 80 ಡಾಲರ್. ಅವರು ತಕ್ಷಣ ಓಕೆ ಅಂದರು. ಅಷ್ಟು ಬೇಗ ಓಕೆ ಅಂದಾಗಲೇ ನನಗೆ ಗೊತ್ತಾಗಬೇಕಿತ್ತು.

‘ಇದೊಂದು ಫೋನ್ ನಂಬರ್ ಹುಡುಕಿಕೊಡಿ’, ‘ಈ ಫೋಟೋಗಳಿಗೆ ಹೆಸರು ಹಾಕಿಬಿಡಿ’ ಅಂತ ಸಣ್ಣಪುಟ್ಟದ್ದು ಬರುತ್ತಲೇ ಇತ್ತು. ಮಾಡುತ್ತಲೇ ಹೋದೆ. ಚಾರ್ಟರ್ಡ್ ಅಕೌಂಟೆಂಟ್ ಆಗಿರುವ ಚಿಕ್ಕಪ್ಪನ ಮಗ, ‘ಅಕ್ಕ, ಒಂದು ತಿಂಗಳು ನಿಮಿಷ ನಿಮಿಷ ಬರೆದಿಡು’ ಅಂದ. ಮಗನ ಹಳೇ ನೋಟ್‌ಬುಕ್‌ನ ಹಿಂದಿನ ಹಾಳೆಗಳಲ್ಲಿ ಬರೆದೆ. ಕೂಡಿಸಿ ನೋಡಿದರೆ 31 ಗಂಟೆ. ಮಂಡಿಯಲ್ಲಿ ಚೀಲ ಇಳಿಸಿದ್ದಕ್ಕೂ ಹಮಾಲಿ ಅಂತ ಒಂದು ಸಾಲು ಬರೆಯುತ್ತಿದ್ದವಳು ನಾನು. ನನ್ನದೇ 11 ಗಂಟೆ ಪುಕ್ಕಟೆ ಹೋಗಿತ್ತು.

ಹೊರದೇಶದಿಂದ ದುಡ್ಡು ಬಂದಾಗ ಅದು ಯಾವ ಬಾಬ್ತು ಅಂತ ಬ್ಯಾಂಕಿಗೆ ಪರ್ಪಸ್ ಕೋಡ್ ಕೊಡಬೇಕು. ನನಗದು ಗೊತ್ತಾಗಿದ್ದು ಬ್ಯಾಂಕಿನ ಕೌಂಟರ್ ಮುಂದೆ ಪೆಚ್ಚಾಗಿ ನಿಂತಾಗ. ಜಿಎಸ್‌ಟಿ ಅಂದರೆ ಸುಮ್ನೆ ಹೆದರಿದ್ದೆ. ಸೇವೆ ಕೊಡುವ ನಮ್ಮಂಥವರು ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಮಾಡಿಸಬೇಕಿಲ್ಲ ಅಂತ ಹೇಳಿದ್ದೂ ಚಿಕ್ಕಪ್ಪನ ಮಗನೇ. ಕೋರ್ಸಿನಲ್ಲಿ ಇದರ ಸುದ್ದಿಯೇ ಇಲ್ಲ.

ಇನ್ನೊಂದು, ಕೋರ್ಸಿನಲ್ಲಿ ಕೊಟ್ಟ ಸಮಯದ ಪಟ್ಟಿ. ‘ನ್ಯೂಯಾರ್ಕ್‌ಗಿಂತ ಭಾರತ ಹತ್ತೂವರೆ ಗಂಟೆ ಮುಂದೆ’ ಅಂತ ಅದರಲ್ಲಿತ್ತು. ಅದು ಚಳಿಗಾಲದ ಲೆಕ್ಕ. ಮಾರ್ಚ್ ಎರಡನೇ ಭಾನುವಾರ ನ್ಯೂಯಾರ್ಕ್ ಕಡೆಯವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ನಡುವಿನ ತಿಂಗಳುಗಳಲ್ಲಿ ಒಂಬತ್ತೂವರೆ ಗಂಟೆ ಅಷ್ಟೇ. 2025ರ ಮಾರ್ಚ್ 10, ಸೋಮವಾರ. ನಾನು ಎಂದಿನಂತೆ ಸಂಜೆ 7:30ಕ್ಕೆ ತಲೆ ಬಾಚಿಕೊಂಡು ಮೀಟಿಂಗಿಗೆ ಕೂತೆ. ಅಲ್ಲಿ ಯಾರೂ ಇಲ್ಲ. 6:30ಕ್ಕೇ ಶುರುವಾಗಿ ಮುಗಿದೂ ಹೋಗಿತ್ತು.

ಇಷ್ಟೆಲ್ಲ ಬೈದು ಬರೆಯಬೇಕು ಅಂತಲೇ ಕೂತಿದ್ದು. ಆದರೆ ಇಷ್ಟು ಬರೆದಮೇಲೆ ಇನ್ಬಾಕ್ಸ್ ಪಾಠ ನೆನಪಾಗಿ ಕೈ ತಡೆಯುತ್ತಿದೆ.

ಕೋರ್ಸಿನಲ್ಲಿ ಪ್ರತಿ ಶನಿವಾರ ಅಭ್ಯಾಸಕ್ಕೆ ಅಂತ ಒಂದು ಸುಳ್ಳು ಇನ್ಬಾಕ್ಸ್ ಕೊಡುತ್ತಿದ್ದರು. 60 ಮೇಲ್, 40 ನಿಮಿಷ. ಯಾವುದಕ್ಕೆ ಈಗಲೇ ಉತ್ತರ, ಯಾವುದು ಯಜಮಾನರು ನೋಡಬೇಕಾದದ್ದು, ಯಾವುದು ಕಸ ಅಂತ ವಿಂಗಡಿಸಬೇಕು. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಬೇರೆ ಮಾಡಿದ ಹಾಗೆ. ಪಾಠ ಮಾಡುತ್ತಿದ್ದ ಮೇಡಂ ನಾನು ಬರೆದ ಉತ್ತರಗಳನ್ನು ಒಂದೊಂದಾಗಿ ಓದಿ ಕೆಂಪಿನಲ್ಲಿ ಗುರುತು ಹಾಕಿ ಕಳಿಸೋರು. ‘ಕೈಂಡ್ಲಿ ಡೂ ದ ನೀಡ್‌ಫುಲ್’ಗೆ ಅಡ್ಡಗೆರೆ. ‘ಪ್ರಿಪೋನ್’ಗೂ ಅಡ್ಡಗೆರೆ, ಪಕ್ಕದಲ್ಲಿ ‘ಅಮೆರಿಕದವರಿಗೆ ಇದು ಅರ್ಥ ಆಗಲ್ಲ ಮೇಡಂ’ ಅಂತ. 05/06 ಅಂದರೆ ಅವರಿಗೆ ಮೇ 6, ನಮಗೆ ಜೂನ್ 5. ಹಾಗಾಗಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ ಅಂತ ಹೇಳಿಕೊಟ್ಟಿದ್ದೂ ಆ ಮೇಡಂ.

ಈಗ ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಅತ್ತೆಗೆ ಕಾಫಿ ಕೊಟ್ಟು, ನನ್ನ ಲೋಟ ಹಿಡಿದು ಅಡುಗೆಮನೆ ಪಕ್ಕದ ಮೇಜಿಗೆ ಬರುತ್ತೇನೆ. ಆಗ ನ್ಯೂಜೆರ್ಸಿಯಲ್ಲಿ ಬೆಳಗಾಗುತ್ತಿರುತ್ತದೆ. ಅಲ್ಲಿನ ರಾತ್ರಿಯಿಡೀ ಬಂದ ಮೇಲ್‌ಗಳನ್ನು ವಿಂಗಡಿಸಿ, ಏಜೆಂಟ್ ನೋಡಲೇಬೇಕಾದ ಐದಾರನ್ನು ಮಾತ್ರ ಮೇಲಕ್ಕೆ ತಂದಿಟ್ಟು, ಎರಡು ಸಾಲು ಬರೆದು ಕಳಿಸುತ್ತೇನೆ. ಕಾಫಿ ಮುಗಿಯುವಷ್ಟರಲ್ಲಿ ಇನ್ಬಾಕ್ಸ್ ಖಾಲಿ. ಗುಡಿಸಿದ ಅಂಗಳ ನೋಡಿದ ಹಾಗೆ ಇರುತ್ತದೆ. ಅವರು ಎದ್ದು ‘ಥ್ಯಾಂಕ್ಸ್’ ಅಂತ ಒಂದೇ ಪದ ಹಾಕುತ್ತಾರೆ. ಅದಕ್ಕೆ ನನಗೆ ಇಷ್ಟು ಖುಷಿ ಯಾಕೋ ಗೊತ್ತಿಲ್ಲ.

ಸೇರಬೇಕಾ ಅಂತ ಕೇಳಿದರೆ, ಇಂಗ್ಲಿಷ್ ಮೇಲ್ ಬರೆಯೋಕೆ ಅಂಜಿಕೆ ಇದ್ದರೆ ಸೇರಿ. ಆ ಶನಿವಾರಗಳಿಗೇ ದುಡ್ಡು ಸಂದಿತು. ಅಂಜಿಕೆ ಇಲ್ಲದಿದ್ದರೆ 14,800 ಜಾಸ್ತಿಯೇ, ಕ್ಯಾಲೆಂಡರ್, ಶೀಟ್ಸ್ ಎಲ್ಲ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪಾಠಗಳು ಹಿಂದಿ-ಇಂಗ್ಲಿಷ್ ಬೆರಕೆ, ಕನ್ನಡ ಇಲ್ಲ. ಸರ್ಟಿಫಿಕೇಟ್ ಕೊಡುತ್ತಾರೆ, ಇವತ್ತಿನವರೆಗೆ ಒಬ್ಬರೂ ಅದನ್ನು ಕೇಳಿಲ್ಲ.

ಗಂಟೆಗೆ ಈಗ 7 ಡಾಲರ್ ಮಾಡಿದ್ದೇನೆ. ಏರಿಸುತ್ತೇನೆ ಅಂತ ಮೂರು ಸಾಲಿನ ಮೇಲ್ ಬರೆಯೋಕೆ ನಾಲ್ಕು ದಿನ ಬೇಕಾಯಿತು, ಉತ್ತರ ಬಂದಿದ್ದು ನಾಲ್ಕು ನಿಮಿಷಕ್ಕೆ. 20 ಗಂಟೆ ದಾಟಿದರೆ ಬಿಲ್ಲಿನ ಕೆಳಗೆ ಬೇರೆ ಸಾಲು. ಹೋದ ತಿಂಗಳು ‘ಹೆಚ್ಚುವರಿ 3 ಗಂಟೆ, 21 ಡಾಲರ್’ ಅಂತ ಇಂಗ್ಲಿಷಿನಲ್ಲಿ ಹಾಕಿದೆ. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಆ ಸಾಲಿನ ಹೆಸರು ಹಮಾಲಿ.