ಮೂರು ಸರ್ಫ್ಯಾಕ್ಟಂಟ್, ಒಂದೇ ತಾಮ್ರ: ಟೈಟ್ರೇಷನ್‌ನಲ್ಲಿ ನಾನು ಕಂಡಿದ್ದು

ಸರ್ಫ್ಯಾಕ್ಟಂಟ್ ಅಂದರೆ ಸೋಪಿನಂಥ ವಸ್ತು; ನೀರಿನಲ್ಲಿ ಅದರ ಅಣುಗಳು ಗುಂಪುಗೂಡಿ ಆಗುವ ಸಣ್ಣ ಉಂಡೆಯೇ ಮೈಸೆಲ್. ಮೈಸೆಲ್ ಇರುವ ದ್ರಾವಣದಲ್ಲಿ ಲೋಹದ ಅಯಾನು ಅಮೈನೋ ಆಮ್ಲವನ್ನು ಹೇಗೆ ಹಿಡಿಯುತ್ತದೆ ಅಂತ ನೋಡಲು ಹೊರಟವರಿಗೆ ಮೊದಲ ಗೊಂದಲ ಇದೇ: ಸರ್ಫ್ಯಾಕ್ಟಂಟ್ ಆಗಿ ಎಸ್‌ಡಿಎಸ್ (ಸೋಡಿಯಂ ಡೋಡೆಸಿಲ್ ಸಲ್ಫೇಟ್) ತಗೊಳ್ಳಬೇಕಾ, ಸಿಟಿಎಬಿನಾ (ಸೆಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್), ಟ್ರೈಟಾನ್ ಎಕ್ಸ್-100 ಆ? ನಾನು ಮೂರರಲ್ಲೂ ತಾಮ್ರವನ್ನು ಮೊದಲು ಗ್ಲೈಸಿನ್, ಆಮೇಲೆ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲಗಳ ಜೊತೆ ಟೈಟ್ರೇಟ್ ಮಾಡಿದೆ, ಅಂದರೆ ಕ್ಷಾರವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಪಿಎಚ್ ಅಳೆದೆ. ನೀರು 30 ಡಿಗ್ರಿ, ಅದರಲ್ಲಿ 0.1 ಮೋಲಾರ್ ಸೋಡಿಯಂ ಕ್ಲೋರೈಡ್, ಬ್ಯುರೆಟ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್.

ಗ್ಲೈಸಿನ್ ಕಥೆ ಚಿಕ್ಕದು. ಅದಕ್ಕೆ ನೀರೇ ಇಷ್ಟ, ಮೈಸೆಲ್ ಒಳಗೆ ಹೋಗುವುದೇ ಇಲ್ಲ. ಪಿಎಚ್ ಕರ್ವ್ ಹೆಚ್ಚು ಬದಲಾಗಲಿಲ್ಲ. ಎಸ್‌ಡಿಎಸ್‌ನಲ್ಲಿ ಮಾತ್ರ ಸ್ವಲ್ಪ ಸರಿಯಿತು. ಅಲ್ಲಿ ಮೈಸೆಲ್‌ನ ಮೈಯ ಚಾರ್ಜ್ ಋಣ, ತಾಮ್ರದ್ದು ಧನ. ತಾಮ್ರ ಮೈಸೆಲ್‌ಗೆ ಅಂಟಿಕೊಂಡರೆ ನೀರಿನಲ್ಲಿರುವ ಗ್ಲೈಸಿನ್‌ಗೆ ಕಡಿಮೆ ಸಿಗುತ್ತದೆ, ಅಲ್ವಾ?

ನಿಜವಾದ ಮಜಾ ಇರುವುದು ಫಿನೈಲ್‌ಅಲನಿನ್‌ನಲ್ಲಿ. ಅದರ ಬೆಂಜೀನ್ ಉಂಗುರಕ್ಕೆ ಮೈಸೆಲ್ ಇಷ್ಟ. ಬರೀ ನೀರಿನಲ್ಲಿ ಮಾಡಿದಾಗ ಎರಡು ಫಿನೈಲ್‌ಅಲನಿನ್ ಒಂದು ತಾಮ್ರವನ್ನು ಹಿಡಿದು ನೀಲಿ ಪುಡಿಯಾಗಿ ತಳಕ್ಕೆ ಕೂತಿತು. ಅಲ್ಲಿಗೆ ಅಳತೆ ಮುಗಿದ ಹಾಗೆ. ಎಸ್‌ಡಿಎಸ್ ಹಾಕಿದಾಗ ಅದೇ ದ್ರಾವಣ ತುಂಬಾ ಹೊತ್ತು ತಿಳಿಯಾಗಿತ್ತು. ತಾಮ್ರವೂ ಅಮೈನೋ ಆಮ್ಲವೂ ಒಂದೇ ಮೈಸೆಲ್ ಮೇಲೆ ಸೇರುತ್ತವೆ. ಆದರೆ ಪ್ರೋಟಾನ್ ಕೂಡ ಅಲ್ಲಿಗೇ ಬರುತ್ತದೆ. ಅಮೈನೋ ಗುಂಪು ತನ್ನ ಪ್ರೋಟಾನನ್ನು ಸುಲಭವಾಗಿ ಬಿಡುವುದಿಲ್ಲ. ಮೀಟರ್ ತೋರಿಸುವುದು ಈ ಎರಡೂ ಎಳೆತ ಸೇರಿದ ಲೆಕ್ಕವನ್ನು.

ನಾನು ಎಡವಿದ್ದು ಇಲ್ಲೇ. ಅಮೈನೋ ಆಮ್ಲ ಪ್ರೋಟಾನನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ ಹೇಳುವುದು ಪಿಕೆಎ. ನೀರಿನಲ್ಲಿ ಸಿಕ್ಕ ಪಿಕೆಎ ಬೆಲೆಯನ್ನೇ ಮೂರಕ್ಕೂ ಹಾಕಿ ಲೆಕ್ಕ ಮಾಡಿದ್ದೆ. ತಾಮ್ರದ ಹಿಡಿತ ಎಷ್ಟು ಬಲ ಅಂತ ಹೇಳುವ ಸ್ಥಿರಾಂಕಗಳೆಲ್ಲ ತಪ್ಪು ಬಂದವು. ಪ್ರತಿ ಸರ್ಫ್ಯಾಕ್ಟಂಟ್‌ಗೂ ಲೋಹ ಇಲ್ಲದ ಟೈಟ್ರೇಷನ್ ಬೇರೆಯಾಗಿ ಮಾಡಲೇಬೇಕು. ಒಂದು ವಾರದ ಕೆಲಸ ಮತ್ತೆ ಮಾಡಿದೆ.

ಎಸ್‌ಡಿಎಸ್ ಜೊತೆ ಇನ್ನೊಂದು ಎಚ್ಚರ: ಪೊಟ್ಯಾಸಿಯಂ ಹತ್ತಿರ ತರಬೇಡಿ. ಪೊಟ್ಯಾಸಿಯಂ ಡೋಡೆಸಿಲ್ ಸಲ್ಫೇಟ್ ಅಷ್ಟಾಗಿ ಕರಗುವುದಿಲ್ಲ, ಬಿಳಿ ಗಸಿ ಆಗುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಡ, ಪೊಟ್ಯಾಸಿಯಂ ನೈಟ್ರೇಟ್ ಬೇಡ. ಎಲೆಕ್ಟ್ರೋಡ್ ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ಕೂಡ ಸೋರುವ ಜಾಗದಲ್ಲಿ ಇದೇ ಗಸಿ ಮಾಡಿ ರೀಡಿಂಗ್ ಅಲುಗಾಡಿಸುತ್ತದೆ. ಆಗಾಗ ಬಿಸಿನೀರಿನಲ್ಲಿ ತೊಳೆಯಿರಿ.

ಸಿಟಿಎಬಿ ಎಲ್ಲವನ್ನೂ ತಿರುಗಿಸುತ್ತದೆ. ಮೈಸೆಲ್ ಧನ, ತಾಮ್ರವನ್ನು ದೂರ ತಳ್ಳುತ್ತದೆ, ಪ್ರೋಟಾನ್ ಕಳೆದುಕೊಂಡ ಅಮೈನೋ ಆಮ್ಲವನ್ನು ಎಳೆದುಕೊಳ್ಳುತ್ತದೆ. ಲೋಹ ಇಲ್ಲದೆಯೂ ಪ್ರೋಟಾನ್ ಬೇಗ ಹೊರಬರುತ್ತದೆ. ನನಗೆ ಲೋಹ ಇರುವ, ಇಲ್ಲದ ಎರಡು ಕರ್ವ್‌ಗಳ ನಡುವಿನ ಅಂತರ ಕುಗ್ಗಿದಂತೆ ಕಂಡಿತು. ಅಂತರ ಕಡಿಮೆ ಅಂದರೆ ಲೆಕ್ಕದಲ್ಲಿ ತಪ್ಪು ಜಾಸ್ತಿ. ಜೊತೆಗೆ 25 ಡಿಗ್ರಿ ಸುತ್ತಮುತ್ತ ಅದು ಹರಳುಗಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿ ತೆಗೆದರೆ ಒಳಗೆ ಬಿಳಿ ಸೂಜಿಗಳು. ವಾಟರ್ ಬಾತ್ ಇಲ್ಲದೆ ಕೆಲಸ ಆಗದು.

ಟ್ರೈಟಾನ್‌ಗೆ ಚಾರ್ಜ್ ಇಲ್ಲ. ತಳ್ಳುವುದೂ ಇಲ್ಲ, ಎಳೆಯುವುದೂ ಇಲ್ಲ. ಫಿನೈಲ್‌ಅಲನಿನ್‌ಗೆ ನೀರು ಕಡಿಮೆ ಇರುವ ಜಾಗ ಕೊಡುತ್ತದೆ, ಅಷ್ಟೇ. ಕರ್ವ್ ನಯವಾಗಿ ಬಂತು. ಜೇನಿನ ಹಾಗೆ ಗಟ್ಟಿ ಇರುವುದರಿಂದ ಪಿಪೆಟ್‌ನಲ್ಲಿ ಅಳೆಯಬೇಡಿ, ತೂಕ ಮಾಡಿ.

ಮೂರಕ್ಕೂ ಒಂದು ಮಾತು. ಗಾಳಿಯನ್ನು ದೂರ ಇಡಲು ನೈಟ್ರೋಜನ್ ಅನ್ನು ದ್ರಾವಣದೊಳಗೆ ಬಿಟ್ಟರೆ ನೊರೆ ಉಕ್ಕಿ ಬೀಕರ್‌ನಿಂದ ಹೊರಗೆ ಬರುತ್ತದೆ. ಮೇಲ್ಮೈ ಮೇಲೆ ಹಾಯಿಸಿದರೆ ಸಾಕು.

ನನ್ನ ಆಯ್ಕೆ ಎಸ್‌ಡಿಎಸ್, ಫಿನೈಲ್‌ಅಲನಿನ್ ಜೊತೆ. ಕಿರಿಕಿರಿ ಜಾಸ್ತಿ, ನಿಜ. ಆದರೆ ಚಾರ್ಜ್ ಏನು ಮಾಡುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಸಮಯ ಉಳಿದರೆ ಹೋಲಿಕೆಗೆ ಟ್ರೈಟಾನ್ ಸೇರಿಸಿ. ಸಿಟಿಎಬಿ ಕೊನೆಗೆ.